ಅರ್ಧ ರಾಜ್ಯ ಮತ್ತು ರಾಜಕುಮಾರಿ

ಈ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ "ಪ್ರಜಾಪ್ರಭುತ್ವದ ಈ ಕಾಲದಲ್ಲಿ ರಾಜಕುಮಾರಿಯರಿಗೆ ಕೆಲಸವಿಲ್ಲ" ಎಂಬ ವಿಷಯವನ್ನು ಇಟ್ಟಿದ್ದರು. ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದದ್ದು ವಿರೋಧ ಪಕ್ಷ. ನಾಲ್ಕು ನಿಮಿಷಕ್ಕೆ ಗಂಟೆ ಬಾರಿಸುತ್ತಾರೆ ಎಂಬುದು ತಮಗೆಲ್ಲ ತಿಳಿದದ್ದೇ. ನಾನು ಪೀಠಿಕೆ ಮುಗಿಸುವುದರೊಳಗೆ ಗಂಟೆ ಬಾರಿಸಿತು. ಎದುರು ಪಕ್ಷದ ಗೆಳೆಯರು ಮಾತ್ರ ಚೆನ್ನಾಗಿ ಮಾತನಾಡಿದರು. "ಆಕೆ ಗಾಜಿನ ಪೆಟ್ಟಿಗೆಯ ಗೊಂಬೆ, ಖರ್ಚು ನಮ್ಮದು" ಎಂದಾಗ ಹಿಂದಿನ ಬೆಂಚುಗಳು ಕುಣಿದವು. ಸೋತದ್ದಕ್ಕೆ ನನಗೆ ವ್ಯಥೆಯಿಲ್ಲ. ಆದರೆ ಹೇಳಬೇಕಾದ ಮಾತು ಗಂಟೆಯ ಆಚೆಗೇ ಉಳಿದುಹೋಯಿತು. ಸಂಪಾದಕರು ದೊಡ್ಡ ಮನಸ್ಸು ಮಾಡಿ ಇಲ್ಲಿ ಕೆಲವು ಪುಟ ಕೊಟ್ಟಿದ್ದಾರೆ. ಇಲ್ಲಿ ಗಂಟೆಯಿಲ್ಲ, ಬೇಸರವಾದರೆ ವಾಚಕರು ಪುಟ ತಿರುವಬಹುದು, ಅಷ್ಟೆ.

ನನ್ನ ಮಾತು ಅಜ್ಜಿಯ ಕಥೆಯಿಂದ ಆರಂಭವಾಗಬೇಕು. ಅಜ್ಜಿ ಹುಟ್ಟಿದ್ದು ಹಲಸೂರಿನಲ್ಲಿ, ಬೆಳೆದು ಬಾಳಿದ್ದು ಕೃಷ್ಣರಾಜಪುರದಲ್ಲಿ. ಆಕೆಯ ಬಾಯಲ್ಲಿ ಕಂಟೋನ್ಮೆಂಟ್ ಎಂಬ ಶಬ್ದವೇ ಇರಲಿಲ್ಲ; ಅದು ಯಾವಾಗಲೂ "ದಂಡು". ಆಕೆ ಹೇಳುತ್ತಿದ್ದ ಕಥೆಗಳಲ್ಲೆಲ್ಲ ಒಬ್ಬ ರಾಕ್ಷಸ, ಒಬ್ಬ ಬಡವರ ಹುಡುಗ, ಕೊನೆಗೆ ಒಬ್ಬ ರಾಜ. ರಾಕ್ಷಸನನ್ನು ಕೊಂದು ಬಂದ ಹುಡುಗನಿಗೆ ರಾಜ ಅರ್ಧ ರಾಜ್ಯವನ್ನೂ ಮಗಳನ್ನೂ ಕೊಟ್ಟು ಧಾರೆಯೆರೆಯುತ್ತಿದ್ದ. ನಾನು ಒಮ್ಮೆ ಕೇಳಿದೆ: "ಅಜ್ಜಿ, ಅರ್ಧ ರಾಜ್ಯ ಹುಡುಗನಿಗೆ ಯಾಕೆ? ಅದು ರಾಜಕುಮಾರಿಯದಲ್ಲವಾ?" ಅಜ್ಜಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ, "ಅವಳಿಗೆ ಯಾಕೆ ಮಗಾ ರಾಜ್ಯ? ಅವಳೇ ಕೊಡೋ ಸಾಮಾನಲ್ವಾ!" ಎಂದಳು. ನಕ್ಕು ಹೇಳಿದಳೋ ನೊಂದು ಹೇಳಿದಳೋ ಆಗ ತಿಳಿಯಲಿಲ್ಲ.

ಅರ್ಧ ರಾಜ್ಯದ ಕಥೆ ಬರೀ ಕಥೆಯಲ್ಲ. ನಮ್ಮ ಮೈಸೂರು ಅರಮನೆಯ ಚರಿತ್ರೆಯನ್ನೇ ನೋಡೋಣ. 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಚಾಮರಾಜೇಂದ್ರ ಒಡೆಯರು ಅಕಾಲದಲ್ಲಿ ತೀರಿಕೊಂಡರು. ಹಿರಿಯ ಮಗ ಕೃಷ್ಣರಾಜರಿಗೆ ಆಗ ಹತ್ತು ವರ್ಷ. ಮಹಾರಾಣಿ ವಾಣೀವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ 1902ರವರೆಗೆ ಸಂಸ್ಥಾನವನ್ನು ನಡೆಸಿದರು. ಪ್ಲೇಗಿನ ಮಹಾಮಾರಿ ಬಂದದ್ದು, ಮಾರಿಕಣಿವೆಯ ಕಟ್ಟೆಯ ಕೆಲಸ ಹಿಡಿದದ್ದು, ಶಿವನಸಮುದ್ರದ ವಿದ್ಯುತ್ತಿನ ಯೋಜನೆ, ಎಲ್ಲವೂ ಆ ತಾಯಿಯ ಕಾಲದ್ದು. ಆಳಲು ಹೆಣ್ಣಿಗೆ ಬರುವುದಿಲ್ಲವೆಂದು ಮೈಸೂರಿನಲ್ಲಿ ಯಾರೂ ಹೇಳುವಂತಿಲ್ಲ. ಆದರೆ ಆಕೆಗೆ ಹೆಣ್ಣುಮಕ್ಕಳೂ ಇದ್ದರು: ಜಯಲಕ್ಷ್ಮಮ್ಮಣ್ಣಿ, ಕೃಷ್ಣಾಜಮ್ಮಣ್ಣಿ, ಚೆಲುವಾಜಮ್ಮಣ್ಣಿ. ಮೂವರಲ್ಲಿ ಯಾರ ಹೆಸರೂ ಸಿಂಹಾಸನದ ಮಾತಿನಲ್ಲಿ ಸುಳಿಯಲಿಲ್ಲ. ಸುಳಿಯುವ ಪದ್ಧತಿಯೇ ಇರಲಿಲ್ಲ.

ಇಲ್ಲಿ ನನಗೆ ಕಾಣುವ ವಿಚಿತ್ರವಿದು. ನಮ್ಮ ನಾಡಿನಲ್ಲಿ ರಾಜ್ಯವಾಳಿದ, ರಾಜ್ಯಕ್ಕಾಗಿ ಹೋರಾಡಿದ ಹೆಂಗಸರ ಪಟ್ಟಿ ಮಾಡಿ. ಕೆಳದಿಯ ಚೆನ್ನಮ್ಮ ಸೋಮಶೇಖರ ನಾಯಕನ ಮಡದಿ. ಕಿತ್ತೂರಿನ ಚೆನ್ನಮ್ಮ ಮಲ್ಲಸರ್ಜನ ಮಡದಿ. ಹೈದರನ ಕಾಲದಿಂದ 1799ರವರೆಗೆ ಒಡೆಯರ ಮನೆತನಕ್ಕೆ ರಾಜ್ಯ ಮರಳಿ ಬರಲೆಂದು ಪಟ್ಟು ಬಿಡದೆ ಪ್ರಯತ್ನಿಸಿದ ಲಕ್ಷ್ಮಮ್ಮಣ್ಣಿ ಇಮ್ಮಡಿ ಕೃಷ್ಣರಾಜರ ಮಡದಿ. ವಾಣೀವಿಲಾಸದವರು ಮಡದಿ ಮತ್ತು ತಾಯಿ. ಎಲ್ಲರೂ ಹೊರಗಿನಿಂದ ಬಂದ ಸೊಸೆಯರು! ಸೊಸೆಗೆ ಗಂಡ ಸತ್ತ ಮೇಲೆ, ಮಗ ಚಿಕ್ಕವನಾಗಿದ್ದರೆ, ಅಧಿಕಾರ ಉಂಟು. ಅದೇ ಮನೆಯಲ್ಲಿ ಹುಟ್ಟಿ, ಅದೇ ಅಂಗಳದಲ್ಲಿ ಅಂಬೆಗಾಲಿಟ್ಟ ಮಗಳಿಗೆ ಇಲ್ಲ. ನಿಜಕ್ಕೂ ಬೇರೆಯ ದಾರಿ ಕಂಡದ್ದು ಉಳ್ಳಾಲದ ಅಬ್ಬಕ್ಕನಲ್ಲಿ. ತುಳುನಾಡಿನ ಅಳಿಯ ಸಂತಾನದ ಕಟ್ಟಿನಲ್ಲಿ ಹೆಣ್ಣಿನ ಕಡೆಯಿಂದಲೇ ಮನೆತನ ಹರಿಯುತ್ತಿತ್ತು. ಅಂದಮೇಲೆ ಇದು ಪ್ರಕೃತಿಯ ನಿಯಮವಲ್ಲ, ಮನುಷ್ಯರು ಮಾಡಿಕೊಂಡ ಏರ್ಪಾಡು ಎಂದಾಯಿತಲ್ಲವೆ?

ಮೈಸೂರಿನ ಆ ಮೂವರು ರಾಜಕುಮಾರಿಯರಿಗೆ ದೊರೆತದ್ದು ಬಂಗಲೆಗಳು. ಹಿರಿಯರಿಗೆ ಜಯಲಕ್ಷ್ಮಿವಿಲಾಸ. ಅವರನ್ನು ಕೈಹಿಡಿದವರು ಸೋದರಮಾವನೇ ಆದ ಸರದಾರ್ ಕಾಂತರಾಜ ಅರಸರು. ವಿಶ್ವೇಶ್ವರಯ್ಯನವರ ನಂತರ ದಿವಾನಗಿರಿಗೆ ಬಂದವರು ಅವರೇ. ಅರ್ಧ ರಾಜ್ಯ ಎಂದರೆ ಇದೇ ತಾನೆ! ಅಳಿಯನಿಗೆ ದಿವಾನಗಿರಿ, ಮಗಳಿಗೆ ಬಂಗಲೆಯ ಹೆಸರು. (ಕಾಂತರಾಜ ಅರಸರು ಯೋಗ್ಯರಲ್ಲವೆಂದು ನಾನು ಹೇಳುತ್ತಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಚರಿತ್ರೆಯ ಅಧ್ಯಾಪಕರು ಇದನ್ನು ಓದುತ್ತಾರೆ.) ಆ ಬಂಗಲೆಯನ್ನು ಕುವೆಂಪುರವರು ಕುಲಪತಿಗಳಾಗಿದ್ದಾಗ ವಿಶ್ವವಿದ್ಯಾನಿಲಯ ಪಡೆದುಕೊಂಡಿತು, ಈಗಿನ ಮಾನಸಗಂಗೋತ್ರಿಯಲ್ಲಿ ಅದು ಜಾನಪದ ವಸ್ತುಸಂಗ್ರಹಾಲಯವಾಗಿದೆ. ಮೂರನೆಯವರಿಗಾಗಿ ಕಟ್ಟಿಸಿದ ಚೆಲುವಾಂಬ ವಿಲಾಸದಲ್ಲಿ ಆಹಾರ ಸಂಶೋಧನಾಲಯವಿದೆ. ನಡುವಿನವರ ಕಥೆ ಬೇರೆ. ಕೃಷ್ಣಾಜಮ್ಮಣ್ಣಿಯವರು ಕ್ಷಯಕ್ಕೆ ಬಲಿಯಾದರು. ಅವರ ಹೆಣ್ಣುಮಕ್ಕಳನ್ನೂ ಅದೇ ರೋಗ ತೆಗೆದುಕೊಂಡುಹೋಯಿತು. ಅಣ್ಣ ನಾಲ್ವಡಿಯವರ ಕಾಲದಲ್ಲಿ ಮೈಸೂರಿನಲ್ಲಿ ಕ್ಷಯರೋಗಿಗಳಿಗಾಗಿ ಆದ ಆಸ್ಪತ್ರೆಗೆ ಆ ತಂಗಿಯ ಹೆಸರನ್ನೇ ಇಟ್ಟರು. ಎಷ್ಟೋ ಸಾವಿರ ಬಡವರು ಆ ಹೆಸರಿನ ಹೆಬ್ಬಾಗಿಲಿನಿಂದ ಒಳಗೆ ಹೋಗಿ ಗುಣವಾಗಿ ಹೊರಗೆ ಬಂದಿದ್ದಾರೆ. "ಖರ್ಚು ನಮ್ಮದು" ಎಂದ ಗೆಳೆಯರಿಗೆ ನಾನು ಹೇಳಬೇಕೆಂದಿದ್ದ ಮೊದಲನೆಯ ಮಾತು ಇದು. ಆದರೂ ಒಂದು ಮನಸ್ಸು ಒಪ್ಪುವುದಿಲ್ಲ. ಸತ್ತ ಮೇಲೆ ಹೆಸರಾಗುವುದು ಒಂದು ಕೆಲಸವೆ?

ಇನ್ನೊಬ್ಬ ರಾಜಕುಮಾರಿಯ ಸುದ್ದಿ ಹೇಳುತ್ತೇನೆ. ನಮ್ಮ ಕಡೆಯಿಂದ ಮಹಾತ್ಮ ಗಾಂಧಿ ರಸ್ತೆಯ ತುದಿಗೆ ಹೋದರೆ ಕಬ್ಬನ್ ಪಾರ್ಕಿನ ಅಂಚಿನಲ್ಲಿ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆ ಇದೆ. 1906ರಲ್ಲಿ ಆಕೆಯ ಮೊಮ್ಮಗ ಬಂದು ಪರದೆ ಸರಿಸಿದ್ದು. ಅತ್ತ ಪೇಟೆ, ಇತ್ತ ದಂಡು, ನಡುವೆ ಈಕೆ. ಬಸ್ಸಿನ ಕಿಟಕಿಯಿಂದ ನೋಡಿದಾಗಲೆಲ್ಲ ನನಗೆ ಕೊಡಗಿನ ಗೌರಮ್ಮನ ನೆನಪಾಗುತ್ತದೆ. 1834ರಲ್ಲಿ ಇಂಗ್ಲಿಷರು ಕೊಡಗಿನ ಚಿಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕಾಶಿಗೆ ಕಳುಹಿಸಿದರು. ಅಲ್ಲಿ 1841ರಲ್ಲಿ ಹುಟ್ಟಿದ ಮಗಳು ಗೌರಮ್ಮ. ಕಂಪೆನಿಯಿಂದ ಬರಬೇಕಾದ ಹಣಕ್ಕಾಗಿ ವ್ಯಾಜ್ಯ ಹೂಡಲು ದೊರೆ 1852ರಲ್ಲಿ ಲಂಡನ್ನಿಗೆ ಹೊರಟಾಗ ಈ ಹನ್ನೊಂದರ ಹುಡುಗಿಯನ್ನೂ ಕರೆದೊಯ್ದ. ಅಲ್ಲಿ ಆಕೆಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ವಿಂಟರ್‌ಹಾಲ್ಟರ್ ಎಂಬ ಹೆಸರಾಂತ ಚಿತ್ರಕಾರ ಆಕೆಯ ಚಿತ್ರ ಬರೆದ. ಪಂಜಾಬಿನ ರಾಜ್ಯ ಕಳೆದುಕೊಂಡಿದ್ದ ದುಲೀಪ್ ಸಿಂಗನಿಗೆ ಈಕೆಯನ್ನು ಗಂಟುಹಾಕಬೇಕೆಂಬ ಆಸೆ ರಾಣಿಗಿತ್ತು, ಅದು ಕೂಡಿಬರಲಿಲ್ಲ. 1860ರಲ್ಲಿ ತನಗಿಂತ ಬಹಳ ಹಿರಿಯನಾದ ಒಬ್ಬ ಕರ್ನಲ್‌ನೊಡನೆ ಮದುವೆಯಾಯಿತು. ಒಂದು ಹೆಣ್ಣು ಮಗುವಾಯಿತು. 1864ರಲ್ಲಿ, ಇಪ್ಪತ್ತಮೂರು ತುಂಬುವುದರೊಳಗೆ, ಗೌರಮ್ಮ ಲಂಡನ್ನಿನಲ್ಲಿ ಮಣ್ಣಾದಳು. ತಂದೆಗೆ ಆಕೆ ವ್ಯಾಜ್ಯದ ಒಂದು ಅನುಕೂಲ, ರಾಣಿಗೆ ಒಂದು ಸತ್ಕಾರ್ಯ, ಚಿತ್ರಕಾರನಿಗೆ ಒಂದು ಮುಖ. ಆಕೆಗೆ ಏನು ಬೇಕಿತ್ತು? ಕೊಡಗಿನ ಒಂದು ಬೆಟ್ಟವನ್ನಾದರೂ ಆಕೆ ಕಂಡಿರಲಿಲ್ಲ.

ಗಾಜಿನ ಪೆಟ್ಟಿಗೆಯ ಗೊಂಬೆ ಎಂದು ನಗುವವರು ಪೆಟ್ಟಿಗೆಗೆ ಬೀಗ ಹಾಕಿದವರು ಯಾರೆಂದು ಕೇಳಬಾರದೆ?

ಪೆಟ್ಟಿಗೆ ಒಡೆದ ಒಬ್ಬರ ಉದಾಹರಣೆ ನಮ್ಮ ಬೆಂಗಳೂರಿನದೇ ಇದೆ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹಿರಿಯ ಮಗಳು, ಜಯಚಾಮರಾಜ ಒಡೆಯರ ತಂಗಿ ವಿಜಯಾದೇವಿಯವರು. ಹುಟ್ಟಿದ್ದು 1922ರಲ್ಲಿ. ವೀಣೆಯನ್ನು ವೆಂಕಟಗಿರಿಯಪ್ಪನವರಲ್ಲಿ ಕಲಿತರು, ಪಿಯಾನೊವನ್ನೂ ಅಷ್ಟೇ ನಿಷ್ಠೆಯಿಂದ ಸಾಧಿಸಿದರು. ಸೌರಾಷ್ಟ್ರದ ಕೋಟ್ಡಾ ಸಂಗಾಣಿಯ ಠಾಕೂರರನ್ನು ಮದುವೆಯಾದರು. ಅಲ್ಲಿಗೆ ರಾಜಕುಮಾರಿಯ ಕಥೆ ಮುಗಿಯಬೇಕಾಗಿತ್ತು. 1971ರಲ್ಲಿ ಸಂವಿಧಾನದ ಇಪ್ಪತ್ತಾರನೆಯ ತಿದ್ದುಪಡಿಯಿಂದ ರಾಜಧನವೂ ಹೋಯಿತು, ಕಾನೂನಿನ ಕಣ್ಣಿನಲ್ಲಿ ರಾಜರೂ ಹೋದರು, ರಾಜಕುಮಾರಿಯರೂ ಹೋದರು. ಆದರೆ ವಿಜಯಾದೇವಿಯವರು 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಕಟ್ಟಿ, ಕರ್ನಾಟಕ ಹಿಂದುಸ್ತಾನಿ ಸಂಗೀತಗಳ ಜೊತೆಗೆ ಪಾಶ್ಚಾತ್ಯ ಸಂಗೀತವನ್ನೂ ಈ ಊರಿಗೆ ಕೇಳಿಸಿದರು. 2005ರಲ್ಲಿ ತೀರಿಕೊಂಡರು. ಬಿರುದು ಹೋದ ಮೇಲೆ ಉಳಿಯುವ ಕೆಲಸ ಯಾವುದೋ ಅದೇ ರಾಜಕುಮಾರಿಯ ಕೆಲಸ ಎಂದು ನನ್ನ ಮತ. ವಿದ್ಯೆ ಕಲಿಸಿದ್ದರಿಂದ ಅದು ಸಾಧ್ಯವಾಯಿತು. ವಿದ್ಯೆಗೆ ಹಣ ಬಂದದ್ದು ರೈತರ ಕಂದಾಯದಿಂದಲೇ ಅಲ್ಲವೆ ಎಂದು ಯಾರಾದರೂ ಕೇಳಿದರೆ, ಹೌದು, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಹೊರದೇಶಗಳ ಸಂಗತಿಯನ್ನು ಬೇಗ ಮುಗಿಸುತ್ತೇನೆ. ಸ್ವೀಡನ್ನಿನಲ್ಲಿ 1980ರಲ್ಲಿ ಕಾಯಿದೆ ಬದಲಾಗಿ, ಗಂಡಾಗಲಿ ಹೆಣ್ಣಾಗಲಿ ಹಿರಿಯ ಮಗುವಿಗೇ ಪಟ್ಟ ಎಂದಾಯಿತು. ಆಗಲೇ ಯುವರಾಜನೆನಿಸಿದ್ದ ಕೂಸು ತಮ್ಮನನ್ನು ಹಿಂದಕ್ಕೆ ಸರಿಸಿ ಅಕ್ಕ ವಿಕ್ಟೋರಿಯಾ ಮುಂದೆ ಬಂದಳು. ನೆದರ್‌ಲೆಂಡ್ಸ್, ನಾರ್ವೆ, ಬೆಲ್ಜಿಯಂ, ಡೆನ್ಮಾರ್ಕ್ ಒಂದೊಂದಾಗಿ ಅದೇ ದಾರಿ ಹಿಡಿದವು. ಇಂಗ್ಲೆಂಡಿಗೆ ಬುದ್ಧಿ ಬರಲು 2013 ಆಗಬೇಕಾಯಿತು. ಎಲಿಜಬೆತ್ ರಾಣಿ ಎಪ್ಪತ್ತು ವರ್ಷ ಆಳಿದ್ದು ಆಕೆಗೆ ತಮ್ಮನಿರಲಿಲ್ಲ ಎಂಬ ಒಂದೇ ಕಾರಣದಿಂದ. ಇದ್ದಿದ್ದರೆ ಆಕೆಯೂ ಯಾವುದೋ ಆಸ್ಪತ್ರೆಯ ಹೆಸರಾಗುತ್ತಿದ್ದಳು. 1961ರಲ್ಲಿ ಆಕೆ ಬೆಂಗಳೂರಿಗೆ ಬಂದಿದ್ದಾಗ ಬರಮಾಡಿಕೊಂಡವರು ರಾಜ್ಯಪಾಲರಾಗಿದ್ದ ನಮ್ಮ ಜಯಚಾಮರಾಜ ಒಡೆಯರು. ಅಜ್ಜಿ ನೋಡಲು ಹೋಗಿ ಬಿಸಿಲಿನಲ್ಲಿ ನಿಂತಿದ್ದಳಂತೆ. ಕಂಡದ್ದು ಒಂದು ಟೋಪಿ ಮತ್ತು ಬೀಸುವ ಕೈ. ಆ ರಾಣಿ ತೀರಿಕೊಂಡ ಸುದ್ದಿ ಬಂದದ್ದು 2022ರ ಸೆಪ್ಟೆಂಬರ್ 8ರ ರಾತ್ರಿ. ಅಂದು ಶಿವಾಜಿನಗರದಲ್ಲಿ ಮೇರಿಯಮ್ಮನ ತೇರು. ತೇರಿನ ಜನಜಂಗುಳಿಯಲ್ಲಿ ಸಿಕ್ಕಿಬಿದ್ದಿದ್ದ ನಮಗೆ ಅದು ಮನೆಗೆ ಬಂದ ಮೇಲೆಯೇ ತಿಳಿಯಿತು.

ಜಪಾನಿನದು ಮಾತ್ರ ಇನ್ನೂ ಹಳೆಯ ಹಾದಿ. 1947ರ ಅಲ್ಲಿನ ಅರಮನೆಯ ಕಾಯಿದೆಯಂತೆ ಪಟ್ಟ ಗಂಡಿಗೇ. ಸಾಮಾನ್ಯನನ್ನು ಮದುವೆಯಾದ ರಾಜಕುಮಾರಿ ರಾಜಕುಟುಂಬದಿಂದಲೇ ಹೊರಗೆ. 2021ರಲ್ಲಿ ಮಾಕೊ ಎಂಬವರು ಹಾಗೆಯೇ ಹೊರಟುಹೋದರು. ಚಕ್ರವರ್ತಿಗಳ ಒಬ್ಬಳೇ ಮಗಳು ಐಕೊ ಓದು ಮುಗಿಸಿ 2024ರಲ್ಲಿ ರೆಡ್ ಕ್ರಾಸ್ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದಾರೆ. ಪಟ್ಟದ ಸಾಲಿನಲ್ಲಿ ಆಕೆಯಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ನಮ್ಮ ಗಾದೆಯನ್ನು ಅವರು ಯಾವಾಗ ಕಲಿತರೋ!

ಜಪಾನನ್ನು ನೋಡಿ ನಗುವ ಹಕ್ಕು ನಮಗೂ ಇಲ್ಲ. 2013ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಮಕ್ಕಳಿಲ್ಲದೆ ತೀರಿಕೊಂಡರು. ಅವರಿಗೆ ಒಡಹುಟ್ಟಿದ ಅಕ್ಕತಂಗಿಯರಿದ್ದರು. 2015ರಲ್ಲಿ ಪ್ರಮೋದಾದೇವಿಯವರು ದತ್ತು ತೆಗೆದುಕೊಂಡದ್ದು ಯದುವೀರರನ್ನು. ಅವರು ಶ್ರೀಕಂಠದತ್ತರ ಅಕ್ಕ ಗಾಯತ್ರಿದೇವಿಯವರ ಮಗಳ ಮಗ. ಅವರ ಯೋಗ್ಯತೆಯ ಮಾತು ಇದಲ್ಲ. ಈಗ ಮೈಸೂರಿನ ಜನ ಅವರನ್ನು ಮತ ಕೊಟ್ಟು ಲೋಕಸಭೆಗೂ ಕಳುಹಿಸಿದ್ದಾರೆ. ನಾನು ಹೇಳುವುದಿಷ್ಟು: ರಾಜಕುಮಾರಿಯ ರಕ್ತದಿಂದ ವಾರಸು ಬರಬಹುದು, ಮಗಳ ಮಗನಾಗಿ ಬಂದು ದಸರೆಯ ಖಾಸಗಿ ದರ್ಬಾರಿನಲ್ಲಿ ಸಿಂಹಾಸನವೇರಬಹುದು, ರಾಜಕುಮಾರಿ ಮಾತ್ರ ಏರುವಂತಿಲ್ಲ. ಆ ಸಿಂಹಾಸನಕ್ಕೆ ಈಗ ಕಾಯಿದೆಯ ಬಲವಿಲ್ಲ, ಕಂದಾಯವಿಲ್ಲ, ಸೈನ್ಯವಿಲ್ಲ. ಬರಿಯ ಪೂಜೆಯ ಪೀಠ. ಅದರಲ್ಲಿಯೂ ಮಗಳಿಗೆ ಎಡೆಯಿಲ್ಲವೆಂದರೆ ನಿಷೇಧ ಎಷ್ಟು ಆಳದ್ದೆಂದು ಯೋಚಿಸಿ.

ಇನ್ನು ಅಜ್ಜಿಯ ತಾಯಿಯ ವಿಷಯ. ಅದನ್ನು ಹೇಳದಿದ್ದರೆ ನಾನೇಕೆ ಈ ಪಕ್ಷವನ್ನು ಇಷ್ಟು ಹಿಡಿದುಕೊಂಡೆನೆಂಬುದು ತಿಳಿಯುವುದಿಲ್ಲ. ಮುತ್ತಜ್ಜಿ ಹಲಸೂರಿನ ಒಂದು ಕೂಡುಕುಟುಂಬದ ಸೊಸೆ. 1935ರಲ್ಲಿ ಗಂಡ ಸತ್ತ. ಗಂಡುಮಕ್ಕಳಿಲ್ಲ, ಮಡಿಲಲ್ಲಿ ನನ್ನ ಅಜ್ಜಿ. ಮನೆ ಪಾಲಾದಾಗ ಮೈದುನಂದಿರು ಪಾತ್ರೆ ಪಡಗ ಕೊಟ್ಟು ಗಾಡಿ ಹತ್ತಿಸಿದರು. ಮುತ್ತಜ್ಜಿ ಕೃಷ್ಣರಾಜಪುರದ ಅಣ್ಣನ ಮನೆ ಸೇರಿದಳು. ಅದಕ್ಕೆ ಎರಡು ವರ್ಷ ಮುಂಚೆ, 1933ರಲ್ಲಿ, ನಾಲ್ವಡಿಯವರ ಸರ್ಕಾರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯೊಂದನ್ನು ಜಾರಿಗೆ ತಂದಿತ್ತು. ಮನೆ ಪಾಲಾಗುವಾಗ ತಾಯಿಗೂ, ಮದುವೆಯಾಗದ ಹೆಣ್ಣುಮಕ್ಕಳಿಗೂ, ಗಂಡುಮಕ್ಕಳಿಲ್ಲದ ವಿಧವೆಗೂ ಅದರಲ್ಲಿ ಪಾಲು ಹೇಳಿತ್ತು. ಇಂಡಿಯಾದಲ್ಲಿಯೇ ಮುಂದುವರಿದ ಕಾಯಿದೆ ಅದು. ಆದರೆ ಹಲಸೂರು ಮೈಸೂರು ಸರ್ಕಾರದ ಕೈಯಲ್ಲಿರಲಿಲ್ಲ. ಅದು ಬ್ರಿಟಿಷ್ ರೆಸಿಡೆಂಟರ ಆಡಳಿತದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿಗೆ ಸೇರಿತ್ತು. ಮೈಸೂರಿನ ಕಾಯಿದೆಗೆ ಅಲ್ಲಿ ಪ್ರವೇಶವಿಲ್ಲ. 1947ರ ಜುಲೈ ಕೊನೆಯಲ್ಲಿ ದಂಡು ಮೈಸೂರಿಗೆ ಮರಳಿ ಬಂತು. ಮುತ್ತಜ್ಜಿಗೆ ಹನ್ನೆರಡು ವರ್ಷ ತಡವಾಗಿತ್ತು. ಹಲಸೂರಿನ ಕೆರೆಯಿಂದ ಕೃಷ್ಣರಾಜಪುರಕ್ಕೆ ಎಷ್ಟು ದೂರ? ಈಗ ಮೆಟ್ರೋದಲ್ಲಿ ಪುಸ್ತಕದ ಒಂದು ಪಾಠ ಮುಗಿಯುವುದಿಲ್ಲ. ಆ ಗೆರೆಯ ಆಚೆ ಬಾಳಿದ್ದರೆ ಕೇಳುವ ಹಕ್ಕಾದರೂ ಆಕೆಗಿರುತ್ತಿತ್ತು.

ಅರಮನೆಯ ಹೆಣ್ಣುಮಕ್ಕಳಿಗೆ ಪಟ್ಟವಿಲ್ಲದ ಸಂಸ್ಥಾನವೇ ಪ್ರಜೆಗಳ ಹೆಣ್ಣುಮಕ್ಕಳಿಗೆ ಪಾಲು ಬರೆಯಿತು ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಚರ್ಚಾಕೂಟದಲ್ಲಿ ಇದನ್ನು ಹೇಳಿದ್ದರೆ ಗೆಲ್ಲುತ್ತಿದ್ದೆನೋ ಏನೋ.

ಈಗ ಕಾಯಿದೆಗಳಿಗೆ ಬರವಿಲ್ಲ. 1956ರದು ಬಂತು, 1994ರಲ್ಲಿ ಕರ್ನಾಟಕದ ತಿದ್ದುಪಡಿ ಬಂತು, 2005ರಲ್ಲಿ ಇಡೀ ದೇಶಕ್ಕೆ ಮಗಳೂ ಮಗನೂ ಹುಟ್ಟಿನಿಂದಲೇ ಸಮಾನ ವಾರಸುದಾರರೆಂದಾಯಿತು. ತಂದೆ ಆ ವೇಳೆಗೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಈ ಎಲ್ಲವನ್ನೂ ನಾನು ಗ್ರಂಥಾಲಯದಲ್ಲಿ ಕುಳಿತು ಓದಿದ್ದು ಚರ್ಚಾಕೂಟಕ್ಕಾಗಿ ಅಲ್ಲ. ಕೃಷ್ಣರಾಜಪುರದ ತಾತನ ಮನೆಯ ಬಳಿ 2023ರಲ್ಲಿ ಮೆಟ್ರೋ ಬಂದಿತು. ಜಾಗದ ಬೆಲೆ ಏರಿತು. ದೊಡ್ಡ ಮಾವ ಹಕ್ಕು ಬಿಡುಗಡೆ ಪತ್ರವನ್ನು ಟೈಪು ಮಾಡಿಸಿಕೊಂಡು ನಮ್ಮ ಮನೆಗೆ ಬಂದರು. ಜೊತೆಗೆ ಒಂದು ರೇಷ್ಮೆ ಸೀರೆ, ಅರಿಶಿನ ಕುಂಕುಮ, ಬಾಳೆಹಣ್ಣು. "ಒಂದು ಸೈನು ಹಾಕ್ಬಿಡಮ್ಮ, ಎಲ್ಲಾರ ಮನೇಲೂ ಹಾಕ್ತಾರೆ. ತವರು ಅಂತ ಒಂದಿರಬೇಕಲ್ಲ ನಿಂಗೆ?" ಎಂದರು. ಮಾವ ಕೆಟ್ಟವರಲ್ಲ. ನನ್ನ ಮೊದಲನೆಯ ವರ್ಷದ ಫೀಸು ಕಟ್ಟಿದವರು ಅವರೇ. ಅದೇ ಕಷ್ಟ. ರಾಕ್ಷಸನಾಗಿದ್ದರೆ ಹೋರಾಡಬಹುದಿತ್ತು.

ನಾನು ಅಮ್ಮನಿಗೆ 1933ರಿಂದ ಹಿಡಿದು 2020ರವರೆಗೆ ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡು, "ನಿನ್ನ ರಾಜಕುಮಾರಿಯರಿಗೆ ಅಣ್ಣತಮ್ಮಂದಿರ ಮನೆಗೆ ಹೋಗಿ ಬರೋ ಆಸೆ ಇರಲಿಲ್ಲವೇನೇ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಆಗ ಯಾರೂ ಗಂಟೆಯನ್ನೂ ಬಾರಿಸಿರಲಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಅಮ್ಮ ಸೈನು ಹಾಕಿಲ್ಲ, ಹಾಕುವುದಿಲ್ಲವೆಂದೂ ಹೇಳಿಲ್ಲ. ಪತ್ರ ದೇವರ ಗೂಡಿನಲ್ಲಿ ಪಂಚಾಂಗದ ಕೆಳಗಿದೆ. ಸೀರೆಯ ಮಡಿಕೆ ಬಿಚ್ಚಿಲ್ಲ. ಬರುವ ಭಾನುವಾರ ಮಾವ ಬರುತ್ತೇನೆಂದು ಫೋನು ಮಾಡಿದ್ದಾರೆ. ಅವರಿಗೆ ಒಬ್ಬಟ್ಟು ಇಷ್ಟವೆಂದು ಅಮ್ಮ ನಿನ್ನೆ ನನ್ನ ಕೈಯಲ್ಲಿ ಹಲಸೂರಿನ ಮಾರುಕಟ್ಟೆಯಿಂದ ಒಂದು ಸೇರು ಕಡಲೆಬೇಳೆಯನ್ನೂ ಬೆಲ್ಲವನ್ನೂ ತರಿಸಿದಳು.